ಗನಿಸಾಬರ ಮೊಣಕಾಲ ಪೆಡಲು

ವಾಡಿ ಜಂಕ್ಷನ್ನಿನಲ್ಲಿ ಬೆಳಗಿನ ಪ್ಯಾಸೆಂಜರ್ ಗಾಡಿ ಇನ್ನೂ ಕೂಗಿಲ್ಲ. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಒಂದೇ ಅಂಗಡಿಯ ಬಾಗಿಲು ಅರ್ಧ ತೆರೆದಿದೆ. ಒಳಗೆ ಅಬ್ದುಲ್ ಗನಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾರೆ. ತೊಡೆಯ ಮೇಲೆ ಮ್ಯಾಂಡೊಲಿನ್ ಇದೆ. ಅದನ್ನು ನುಡಿಸಲು ಅವರಿಗೆ ಬರುವುದಿಲ್ಲ. ಒಂದೇ ತಂತಿಯನ್ನು ಮೀಟುತ್ತಾರೆ, ಬಲ ಮೊಣಕಾಲನ್ನು ಮೆಲ್ಲಗೆ ಕೆಳಗೆ ಒತ್ತುತ್ತಾರೆ, ಕಣ್ಣು ಮುಚ್ಚಿ ಕೇಳುತ್ತಾರೆ. ಮೂಲೆಯಲ್ಲಿಟ್ಟ ಸ್ಪೀಕರಿನಿಂದ ದನಿ ಹೊರಡುತ್ತದೆ. ಎಲ್ಲಿ ಹುಟ್ಟಿತೆಂದು ತಿಳಿಯದ ಹಾಗೆ ಹೊರಡುತ್ತದೆ, ತುಂಬುತ್ತದೆ, ಮೊಣಕಾಲು ಮೇಲೇಳುತ್ತಲೇ ಕರಗುತ್ತದೆ. ಗನಿಸಾಬರ ಹುಬ್ಬು ಗಂಟಿಕ್ಕುತ್ತದೆ. ಮತ್ತೊಮ್ಮೆ ಮೀಟುತ್ತಾರೆ.

"ಫಜರ್ ನಮಾಜ್ ಮುಗದ ಮ್ಯಾಲ ಕರೆಂಟ್ ಪೂರಾ ಇರ್ತದ ನೋಡ್ರಿ," ಎನ್ನುತ್ತಾರೆ ಅವರು. "ಹೊತ್ತು ಏರಿತಂದ್ರ ಗಿರಣಿ, ಪಂಪು ಎಲ್ಲಾ ಚಾಲೂ ಆಗತಾವ. ಲೈಟ್ ಕೆಂಪಗ ಆಗತದ, ಮಷಿನ್ ಗುಂಯ್ ಅಂತದ. ಆ ಗುಂಯ್ ಒಳಗ ದನಿ ಖರೆ ಯಾವುದು ಖೋಟಾ ಯಾವುದು ತಿಳಿಯಂಗಿಲ್ಲ."

ಇವತ್ತು ಶ್ರಾವಣ ಸೋಮವಾರ. ಹೊತ್ತೇರುವ ಮೊದಲು ಮೊಣಕಾಲ ಕೆಳಗಿನ ಈ ಪೆಡಲು ಸಿದ್ಧವಾಗಬೇಕು. ಚಿತ್ತಾಪುರ ತಾಲೂಕಿನ ದಂಡೋತಿಯಲ್ಲಿ, ಕಾಗಿಣಾ ನದಿಯ ಈಚೆ ದಂಡೆಯಲ್ಲಿ, ಪೀರಮ್ಮ ಎಂಬ ಮುದುಕಿ ಕಾದಿದ್ದಾಳೆ. ಪೆಡಲೆಂದರೆ ಏನೆಂದು ಅವಳಿಗೆ ಗೊತ್ತಿಲ್ಲ. ಅವಳ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿದೆ ಎಂಬುದು ಮಾತ್ರ ಊರಿಗೆಲ್ಲ ಗೊತ್ತಿದೆ. ಗನಿಸಾಬರಿಗೂ ಗೊತ್ತಿದೆ. ಮುಂದಿನ ಶ್ರಾವಣದ ಮಾತು ಯಾರೂ ಹೇಳಲಾರರು.

ಮದುವೆಯ ಹಂದರದಲ್ಲಿ, ಗಣಪತಿಯ ಮಂಟಪದಲ್ಲಿ, ಉರುಸಿನ ಕವ್ವಾಲಿಯಲ್ಲಿ ಜನರು ಹಾಡುವವರ ಹೆಸರನ್ನು ನೆನಪಿಡುತ್ತಾರೆ. ಆ ಹಾಡನ್ನು ಕೊನೆಯ ಸಾಲಿನವನ ಕಿವಿಗೆ ಮುಟ್ಟಿಸುವವನು ವೇದಿಕೆಯ ಹಿಂದೆ, ವೈರುಗಳ ನಡುವೆ ಕುಳಿತಿರುತ್ತಾನೆ. ಸೇಡಂನ ಬ್ಯಾಂಡಿನವರು, ಶಹಾಬಾದಿನ ಆರ್ಕೆಸ್ಟ್ರಾದವರು, ಚಿಂಚೋಳಿ ಕಡೆಯ ನಾಟಕದವರು ತಮ್ಮ ಆಂಪ್ಲಿಫಯರ್ ಮಷಿನ್ ಕೆಟ್ಟಾಗ ವಾಡಿಗೆ ಬರುತ್ತಾರೆ. ಅಂಗಡಿಗೆ ಬೋರ್ಡಿಲ್ಲ. ಸ್ಟೇಷನ್ನಿನ ಹತ್ತಿರ ಯಾರನ್ನು ಕೇಳಿದರೂ, "ಗನಿಸಾಬನ ರೇಡಿಯೋ ಅಂಗಡಿ ಹೌದಿಲ್ಲೋ? ಹಿಂಗ ಹೋಗ್ರಿ, ಸುಟ್ಟ ವಾಸನಿ ಬರತದ, ಅದೇ," ಎಂದು ಕೈ ತೋರಿಸುತ್ತಾರೆ.

ಗನಿಸಾಬರ ತಂದೆ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಕಾಲದಲ್ಲಿ ಇವರಿನ್ನೂ ಮೀಸೆ ಮೂಡದ ಹುಡುಗ. ಶಹಾಬಾದಿನ ಒಬ್ಬ ರೇಡಿಯೋ ರಿಪೇರಿಯವನ ಬಳಿ ನೆಲ ಗುಡಿಸುತ್ತ, ಚಹಾ ತರುತ್ತ, ಬೆಸುಗೆ ಹಾಕುವುದನ್ನು ಕಲಿತರು. ಆಗ ರೇಡಿಯೋ ಇದ್ದ ಮನೆಯೇ ಅಪರೂಪ. ಮುಂದೆ ಕೈಯಲ್ಲಿ ಹಿಡಿಯುವ ಟ್ರಾನ್ಸಿಸ್ಟರ್ ಬಂದು ದೊಡ್ಡ ರೇಡಿಯೋಗಳೆಲ್ಲ ಅಟ್ಟ ಸೇರಿದವು, ಅಂಗಡಿಗೆ ಗಿರಾಕಿ ಕಡಿಮೆಯಾದರು. ಆ ವರ್ಷಗಳಲ್ಲಿ ಮನೆಯನ್ನು ನಡೆಸಿದ್ದು ಹೆಂಡತಿ ಜೈಬುನ್ನೀಸಾ, ಹೊಲಿಗೆ ಮಷಿನ್ನಿನ ಮೇಲೆ.

"ನಾ ಹಳೇ ರೇಡಿಯೋದ ಹೊಟ್ಟಿ ಬಗದು ಕುಂದರತಿದ್ದೆ, ಆಕಿ ಆ ಕಡಿ ಟಕಟಕ ಹೊಲೀತಿದ್ಲು. 'ನಿಮ್ಮ ಮಷಿನ್ ಒದರತದ, ನನ್ನ ಮಷಿನ್ ಉಣಸ್ತದ' ಅಂತಿದ್ಲು. ಖರೇನೇ ಇತ್ತಲ್ಲ, ಏನಂತ ಬಾಯಿ ತಗೀಲಿ?" ಎಂದು ಗನಿಸಾಬ ನಗುತ್ತಾರೆ.

ಜೈಬುನ್ನೀಸಾ ತೀರಿಕೊಂಡು ಕೆಲವು ವರ್ಷಗಳಾದವು. ಹೊಲಿಗೆ ಮಷಿನ್ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಅದರ ಮೇಲೆ ಧೂಳು ಕೂರಲು ಗನಿಸಾಬ ಬಿಟ್ಟಿಲ್ಲ. ವಾಡಿಯಲ್ಲಿ ಅದು ಸಣ್ಣ ಕೆಲಸವಲ್ಲ. ಇಲ್ಲಿ ಸಿಮೆಂಟಿನ ಬಿಳಿ ಧೂಳು ಎಲೆಯ ಮೇಲೆ, ರೊಟ್ಟಿಯ ಮೇಲೆ, ಹುಬ್ಬಿನ ಮೇಲೆ ಎಲ್ಲ ಕಡೆ ಕೂರುತ್ತದೆ.

ದಂಡೋತಿಯ ಅಂಬಾರಾಯ ಈ ಅಂಗಡಿಗೆ ಮೊದಲು ಬಂದದ್ದು ಹೋದ ವರ್ಷ, ಕಾರಹುಣ್ಣಿವೆಯ ಹೊತ್ತಿಗೆ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಎಬ್ಬಿಸುವ ಕೆಲಸದವನು. ಊರಿನ ಭಜನೆ ಮೇಳದಲ್ಲಿ ಸ್ಪೀಕರಿಗೆ ಹಚ್ಚುವ ಕರೆಂಟ್ ಮ್ಯಾಂಡೊಲಿನ್ ನುಡಿಸುತ್ತಾನೆ. ಅವನ ಅಣ್ಣ ಚಂದ್ರಾಮಪ್ಪ ಆ ಮೇಳದ ಹಾಡುಗಾರ. ಅದರ ಹಿಂದಿನ ವರ್ಷದ ಶ್ರಾವಣದಲ್ಲಿ ಜ್ವರ ಬಂದು ಮಲಗಿದವನು ಮೇಲೇಳಲಿಲ್ಲ. ಅವನ ದನಿಯ ಹಾಗೆ ಹಾಡುವವರು ಮೇಳದಲ್ಲಿ ಬೇರೊಬ್ಬರಿಲ್ಲ. ಪದದ ಕೊನೆಯಲ್ಲಿ "ಗುರುವೇ" ಎಂಬ ಒಂದು ಮಾತನ್ನು ಅವನು ಎಷ್ಟು ಮೆಲ್ಲಗೆ ಎತ್ತಿಕೊಳ್ಳುತ್ತಿದ್ದನೆಂದರೆ, ಎತ್ತಿಕೊಂಡದ್ದು ಗೊತ್ತಾಗುವುದರೊಳಗೆ ಗುಡಿಯೆಲ್ಲ ಅದರಿಂದ ತುಂಬಿರುತ್ತಿತ್ತು. ಹಾಗೆಯೇ ಹಿಡಿದು ನಿಲ್ಲುತ್ತಿದ್ದ. ಎಲ್ಲರೂ ಕಣ್ಣು ಮುಚ್ಚಿ ಕುಳಿತಿರುವಾಗ ಹಿಂದಿನಿಂದ ಅವರ ತಾಯಿ ಪೀರಮ್ಮ ಮಾತ್ರ ಗದರುತ್ತಿದ್ದಳು: "ಸಾಕೋ ಮಗಾ, ಉಸರು ತಗೋ!"

"ಪ್ರತಿ ಸೋಮವಾರ ಅದೇ ಬೈಗುಳ ಚಾಚಾ," ಎಂದು ಅಂಬಾರಾಯ ಗನಿಸಾಬರಿಗೆ ಹೇಳಿದ. "ಪದ ಮುಗೀತು ಅಂದ್ರ ಅವ್ವನ ಬೈಗುಳ ಕೇಳಿದ ಮ್ಯಾಲೇ ಮುಗದಂಗ. ಈಗ ಅವ್ವ ಭಜನಿಗಿ ಬರತಾಳ, ಕುಂದರತಾಳ, ಹೋಗತಾಳ. ಮಾತಿಲ್ಲ. ಆ 'ಗುರುವೇ' ಅನ್ನೋದು ನನ್ನ ಮ್ಯಾಂಡೊಲಿನ್‌ದಾಗ ಬರಬೇಕು. ಆಕಿ ಕಿವಿ ಮುಚ್ಚೋದ್ರೊಳಗ ಬರಬೇಕು."

ಅದಕ್ಕೆ ಏನು ಬೇಕೆಂದು ಅವನೇ ತೀರ್ಮಾನಿಸಿಕೊಂಡು ಬಂದಿದ್ದ. ಶಹಾಬಾದಿನ ಗಣಪತಿ ಮಂಟಪದಲ್ಲಿ ಒಬ್ಬ ಗಿಟಾರಿನವನು ಕಾಲಡಿ ಒಂದು ಪೆಡಲ್ ಇಟ್ಟುಕೊಂಡು ನುಡಿಸಿದ್ದನ್ನು ಕಂಡಿದ್ದ. ಪಾದವನ್ನು ಮುಂದೆ ಹಿಂದೆ ತೂಗಿದರೆ ಗಿಟಾರು "ವಾ ವಾ" ಎಂದು ಮನುಷ್ಯರ ಹಾಗೆ ಮಾತಾಡುತ್ತಿತ್ತು. ಮಾತಾಡುವ ಪೆಡಲ್ ಅಂದಮೇಲೆ ಅಣ್ಣನ ಮಾತನ್ನೂ ಅದೇ ಆಡೀತು ಎಂಬುದು ಅಂಬಾರಾಯನ ಲೆಕ್ಕ.

ಗನಿಸಾಬ ಬೇಡವೆನ್ನಲಿಲ್ಲ. ಆ ಗಿಟಾರಿನವನ ಆರ್ಕೆಸ್ಟ್ರಾದವರ ವಾ ಪೆಡಲ್ ಆಗ ರಿಪೇರಿಗೆ ಅವರ ಬಳಿಯೇ ಇತ್ತು. ಸರಿಪಡಿಸಿ, ಅವರ ಅಪ್ಪಣೆ ಕೇಳಿ, ಒಂದು ಮಧ್ಯಾಹ್ನ ಅಂಬಾರಾಯನ ಮ್ಯಾಂಡೊಲಿನ್ನಿನ ವೈರನ್ನು ಅದಕ್ಕೆ ಸಿಕ್ಕಿಸಿದರು. ಜೊತೆಗೆ ಬಂದಿದ್ದ ಭೀಮಶ್ಯಾ ಬಾಗಿಲಲ್ಲಿ ಕುಳಿತು ಬೀಡಿ ಸೇದುತ್ತಿದ್ದ. ಮೇಳದಲ್ಲಿ ಅವನದು ದಮ್ಮಡಿಯ ಬಡಿತ, ಊರಲ್ಲಿ ಅವನದು ಬಾಯಿ. ಅಂಬಾರಾಯ ಮೀಟಿದ, ಕಾಲು ಒತ್ತಿದ. ಮ್ಯಾಂಡೊಲಿನ್ ಒಮ್ಮೆ ಬಾತುಕೋಳಿಯಂತೆ ಕೂಗಿತು, ಇನ್ನಷ್ಟು ಒತ್ತಿದಾಗ ತಂತಿಯಿಂದ ಕಿವಿ ಚುಚ್ಚಿದ ಹಾಗೆ ಕೀರಿತು.

"ಏ ಅಂಬಾರಾಯ," ಎಂದ ಭೀಮಶ್ಯಾ, "ನಿಮ್ಮಣ್ಣ ಹಾಡತಿದ್ನೋ, ಔಷಧ ಕುಡಿಯಾಕ ಒಲ್ಲೆ ಅಂತಿದ್ನೋ?"

ಅಂಬಾರಾಯನಿಗೂ ನಗು ತಡೆಯಲಾಗಲಿಲ್ಲ. ನಕ್ಕು, ಪೆಡಲಿನಿಂದ ಕಾಲು ತೆಗೆದ. ಗನಿಸಾಬ ವೈರು ಕಿತ್ತು ಸುತ್ತಿಡುತ್ತ ಹೇಳಿದರು: "ನೋಡು ತಮ್ಮಾ, ಈ ವಾ ಪೆಡಲ್ ಅಂದ್ರ ಬಾಯಿ ಇದ್ದಂಗ. ತಗದು ಮುಚ್ಚಿ ಮಾಡತದ, ದನಿಯ ಬಣ್ಣ ಬದಲಿ ಮಾಡತದ. ಗಿಟಾರಿನ ದಪ್ಪ ದನಿಗಿ ಅದು ಒಪ್ಪತದ. ನಿನ್ನ ಮ್ಯಾಂಡೊಲಿನ್ ಮೊದಲೇ ಸಣ್ಣ ದನಿದು, ಮ್ಯಾಲ ಇದು ಕೂಡಿದ್ರ ಕೀರತದ. ನಿಮ್ಮಣ್ಣನ ಹಾಡಿನಾಗ ದೊಡ್ಡದು ಬಾಯಿ ಅಲ್ಲ, ಉಸರು. ನಿನಗ ಬೇಕಾಗಿದ್ದು ವಾಲ್ಯೂಮ್ ಪೆಡಲ್."

ಮ್ಯಾಂಡೊಲಿನ್ನಿನ ಕಷ್ಟ ಇಷ್ಟೇ. ತಂತಿಗೆ ಮೀಟುವ ಕಡ್ಡಿ ತಾಕಿದೊಡನೆ "ಟಿಣ್" ಎಂದು ದನಿ ಒಮ್ಮೆಲೇ ಚಿಮ್ಮುತ್ತದೆ, ಕೂಡಲೇ ಸಾಯತೊಡಗುತ್ತದೆ. ಅದನ್ನು ಉಳಿಸಲು ನುಡಿಸುವವನು ಬಿಡದೆ ಗಡಗಡ ಮೀಟುತ್ತಿರಬೇಕು. ವಾಲ್ಯೂಮ್ ಪೆಡಲನ್ನು ಮ್ಯಾಂಡೊಲಿನ್ನಿಗೂ ಮಷಿನ್ನಿಗೂ ನಡುವೆ ಇಡುತ್ತಾರೆ. ಪೆಡಲ್ ಬಿಟ್ಟಿರುವಾಗ ಮೀಟಿದರೆ ಆ "ಟಿಣ್" ಸ್ಪೀಕರಿಗೆ ಹೋಗುವುದೇ ಇಲ್ಲ. ಮೀಟುತ್ತಲೇ ಮೆಲ್ಲಗೆ ಒತ್ತುತ್ತ ಬಂದರೆ ಪೆಟ್ಟು ಮರೆಯಾಗಿ ದನಿಯೊಂದೇ ತುಂಬಿಕೊಂಡು ಬರುತ್ತದೆ.

ಗನಿಸಾಬ ಅದನ್ನು ತಾವೇ ಮಾಡಿದರು. ಹೊಲಿಗೆ ಮಷಿನ್ನಿನ ಕಾಲುಮಣೆಯನ್ನು ನೋಡುತ್ತ ಅಳತೆ ಹಾಕಿದರು. ಎರಡು ಹಲಗೆಗೆ ಒಂದು ಕೀಲು, ನಡುವೆ ಸ್ಪ್ರಿಂಗು, ಹಳೆಯ ರೇಡಿಯೋದ ದನಿ ಏರಿಸುವ ಕಂಟ್ರೋಲು, ಅದನ್ನು ತಿರುಗಿಸಲು ಅದೇ ರೇಡಿಯೋದ ಮುಳ್ಳು ಎಳೆಯುವ ದಾರ. ಕಂಟ್ರೋಲುಗಳಲ್ಲೂ ಎರಡು ಬಗೆ. ಒಂದರಲ್ಲಿ ಸ್ವಲ್ಪ ತಿರುಗಿಸುವಷ್ಟರಲ್ಲೇ ದನಿ ಮುಕ್ಕಾಲು ಬಂದುಬಿಡುತ್ತದೆ. ಇನ್ನೊಂದು ಮೊದಮೊದಲು ಜಿಪುಣ, ಬರುಬರುತ್ತ ಧಾರಾಳಿ. ಕಿವಿಗೆ ಸಮನಾಗಿ ಏರಿದಂತೆ ಕೇಳುವುದು ಎರಡನೆಯದು. ಮೂರು ನಾಲ್ಕು ಬದಲಿಸಿ ಅದನ್ನೇ ಹಾಕಿದರು. ಪೆಡಲ್ ಜಾರಬಾರದೆಂದು ಅಡಿಗೆ ಒಂದು ತುಂಡು ಪರಸಿ ಕಲ್ಲನ್ನು ಕೂರಿಸಿದರು. ಆ ಕಲ್ಲನ್ನು ಗಣಿಯಿಂದ ತಂದವನು ಅಂಬಾರಾಯನೇ.

ಹೋದ ಶ್ರಾವಣದ ಸೋಮವಾರ ಅದನ್ನು ಹೊತ್ತುಕೊಂಡು ಗನಿಸಾಬ ತಾವೇ ದಂಡೋತಿಗೆ ಹೋದರು. ಊರವರು ಅಜ್ಜ ಎಂದು ಕರೆಯುವ ಶರಣರ ಗದ್ದುಗೆಯ ಮುಂದೆ ಜಮಖಾನ ಹಾಸಿತ್ತು. ಕಾಲಿನಿಂದ ಪೆಡಲ್ ಒತ್ತಬೇಕೆಂದು ಅಂಬಾರಾಯ ಎಲ್ಲಿಂದಲೋ ಒಂದು ಕುರ್ಚಿ ತಂದು ಕುಳಿತ. ಭೀಮಶ್ಯಾ ದಮ್ಮಡಿ ಕೆಳಗಿಟ್ಟು ಕೈ ಮುಗಿದ. "ತಹಶೀಲ್ದಾರ್ ಸಾಹೇಬ್ರು ಭಜನಿಗಿ ಬಂದಾರ, ಎಲ್ಲಾರೂ ಎದ್ದು ನಿಂದರ್ರಪಾ!"

ಗದ್ದುಗೆಯ ಮುಂದೆ ತಾನೊಬ್ಬ ಎತ್ತರದಲ್ಲಿ ಕುಳಿತದ್ದು ಆಗ ಅಂಬಾರಾಯನಿಗೆ ಹೊಳೆಯಿತು. ಕೆಳಗಿಳಿದು ಜಮಖಾನದ ಮೇಲೆ ಕುಳಿತ. ಕುಳಿತರೆ ಪೆಡಲಿಗೆ ಕಾಲು ಚಾಚಬೇಕು. ಚಾಚಿದರೆ ಪಾದ ನೇರವಾಗಿ ಅಜ್ಜನ ಕಡೆಗೆ. ಪೆಡಲನ್ನು ಅತ್ತ ಇತ್ತ ತಿರುಗಿಸಿ ನೋಡುತ್ತಿರುವಾಗ ಪೀರಮ್ಮ ಪೂಜೆಯ ತಟ್ಟೆ ಹಿಡಿದು ಬಂದಳು. ಭಜನೆ ಹಿಡಿಯುವ ಮೊದಲು ಎಲ್ಲ ವಾದ್ಯಗಳಿಗೆ ವಿಭೂತಿ ಹಚ್ಚುವುದು ಆ ಮನೆಯವರ ಪದ್ಧತಿ. ದಮ್ಮಡಿಗೆ ಹಚ್ಚಿದಳು, ತಾಳಕ್ಕೆ ಹಚ್ಚಿದಳು, ಮ್ಯಾಂಡೊಲಿನ್ನಿಗೆ ಹಚ್ಚಿದಳು. ವೈರಿನ ಗುಂಟ ಬಂದು, ಇದೂ ಮಗನ ವಾದ್ಯವೇ ಎಂದುಕೊಂಡು, ಪೆಡಲಿನ ಮೇಲೂ ಮೂರು ಬೆರಳು ವಿಭೂತಿ ಎಳೆದು, ಒಂದು ಕಣಗಿಲೆ ಹೂವಿಟ್ಟು, ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಅದರ ಮೇಲೆ ಇನ್ನು ಯಾರು ಪಾದ ಇಟ್ಟಾರು? ಅಂಬಾರಾಯ ತಲೆ ಎತ್ತಿ ಗನಿಸಾಬರನ್ನು ನೋಡಿದ. ಗನಿಸಾಬ ಎದ್ದು ಬಂದು ಪೆಡಲಿನ ವೈರು ಬಿಡಿಸಿ, ಮ್ಯಾಂಡೊಲಿನ್ನನ್ನು ನೇರ ಮಷಿನ್ನಿಗೆ ಹಚ್ಚಿಕೊಟ್ಟರು. "ಗುರುವೇ" ಬರುವಲ್ಲಿ ಟಿಣ್ ಎಂದಿತು, ಸತ್ತಿತು, ಮತ್ತೆ ಟಿಣ್ ಎಂದಿತು. ಭಜನೆ ಮುಗಿದ ಮೇಲೆ ಪೀರಮ್ಮ ಮಗನ ಬೆನ್ನು ಸವರಿ, "ಛಂದ ಬಾರಿಸಿದೆಪಾ," ಎಂದಳು.

"ಬೈದಿದ್ರ ನನಗ ನಿದ್ದಿ ಬರತಿತ್ತು," ಎನ್ನುತ್ತಾರೆ ಗನಿಸಾಬ. "ಛಂದ ಅಂತ ಪರವೂರವರಿಗಿ ಅಂತಾರ್ರಿ. ತಪ್ಪು ನಂದು. ಕಂಟ್ರೋಲ್ ಯಾವುದು, ಸ್ಪ್ರಿಂಗ್ ಎಷ್ಟು ಬಿಗಿ, ಎಲ್ಲಾ ನೋಡಿದೆ. ಭಜನಿಯವ್ರು ಹ್ಯಾಂಗ ಕುಂದರತಾರ ನೋಡಲಿಲ್ಲ. ನಾನೂ ದರ್ಗಾದಾಗ ಕಾಲು ಚಾಚಿ ಕುಂದರತೀನೇನು?"

ಮುಂದೆ ಬಹಳ ದಿನ ಆ ಪೆಡಲ್ ಅಂಗಡಿಯ ಮೂಲೆಯಲ್ಲಿ ಉಳಿಯಿತು. ಕೈಯಿಂದ ಒತ್ತೋಣವೆಂದರೆ ಎರಡೂ ಕೈ ಮ್ಯಾಂಡೊಲಿನ್ನಿಗೇ ಬೇಕು. ಮೊಳಕೈಗೆ ಕಟ್ಟಿ ನೋಡಿದರು, ಮೀಟುವ ಕೈ ಅಲುಗಿದಂತೆಲ್ಲ ದನಿಯೂ ಅಲುಗಿತು. ಬಾಯಲ್ಲಿ ದಾರ ಕಚ್ಚಿ ಎಳೆಯುವ ಉಪಾಯವನ್ನು ಭೀಮಶ್ಯಾ ಹೇಳಿದ. "ಅದೊಂದು ಪುಣ್ಯದ ಕೆಲಸ, ಅವನ ಬಾಯಿಗಿ ಅಲ್ಲ, ನಿನ್ನ ಬಾಯಿಗಿ ಕಟ್ಟತೀನಿ," ಎಂದರು ಗನಿಸಾಬ.

ಉಪಾಯ ಹೊಳೆದದ್ದು ಈ ಬೇಸಿಗೆಯಲ್ಲಿ, ಹೊಳೆಯಬಾರದ ಹೊತ್ತಿನಲ್ಲಿ. ಅದನ್ನು ಹೇಳುವಾಗ ಗನಿಸಾಬರ ದನಿ ಇಳಿಯುತ್ತದೆ. ಇಳಿಹೊತ್ತಿನ ಅಸರ್ ನಮಾಜಿನಲ್ಲಿ, ಹಣೆಯನ್ನು ನೆಲಕ್ಕೂರಿದ ಸಜ್ದಾದಿಂದ ಎದ್ದು ಮೊಣಕಾಲೂರಿ ಕುಳಿತಿದ್ದರು. ಚಾಪೆಯ ಕೆಳಗೆ ನೆಲ ಸ್ವಲ್ಪ ತಗ್ಗಿತ್ತು. ಬಲ ಮೊಣಕಾಲು ಆ ತಗ್ಗಿಗೆ ಇಳಿದು ಮತ್ತೆ ಎದ್ದಿತು.

"ಅಲ್ಲಾನ ಮುಂದ ಕುಂತಾಗ ಪೆಡಲ್ ನೆನಪು! ತೋಬಾ ಅಂದೆ, ಆ ನಮಾಜ್ ಮತ್ತೊಮ್ಮಿ ಮಾಡಿದೆ. ಆದ್ರ ಎದ್ದು ಮೊದಲು ಹುಡಕಿದ್ದು ಹಲಗಿ," ಎನ್ನುತ್ತಾರೆ. "ಕೊಟ್ಟವನು ಅವನೇ ಇರಬೇಕು. ಮೊಣಕಾಲು ಅಂದ್ರ ಅವನ ಮುಂದ ಊರಾಕ ಕೊಟ್ಟಿದ್ದಲ್ಲ? ಪಾದದಂಗ ಅದರಿಂದ ಅಪಮಾನ ಆಗಂಗಿಲ್ಲ," ಎಂದು ಸೇರಿಸುತ್ತಾರೆ.

ಚಕ್ಕಳಮಕ್ಕಳ ಕುಳಿತವನ ಬಲ ಮೊಣಕಾಲು ನೆಲಕ್ಕಿಂತ ಕೊಂಚ ಮೇಲಿರುತ್ತದೆ. ಆ ಸಂದಿಗೆ ಸರಿಯಾಗಿ ಹೊಸ ಪೆಡಲು ಕೂರುತ್ತದೆ. ಸ್ಪ್ರಿಂಗು ಬಿಗಿಯಾದರೆ ಮೊಣಕಾಲು ನಡುಗುತ್ತದೆ, ಸಡಿಲಾದರೆ ಕಾಲಿನ ಭಾರಕ್ಕೇ ದನಿ ಏರಿಬಿಡುತ್ತದೆ. ಇದಕ್ಕಾಗಿ ಅಂಬಾರಾಯ ಎಷ್ಟೋ ಭಾನುವಾರ ಈ ಅಂಗಡಿಯಲ್ಲಿ ಕುಳಿತು ಎದ್ದಿದ್ದಾನೆ. ಧೂಳು ನುಗ್ಗಿ ಕಂಟ್ರೋಲು ಕರಕರ ಅನ್ನದಂತೆ ಸುತ್ತಲೂ ಸೈಕಲ್ ಟ್ಯೂಬಿನ ರಬ್ಬರು ಹೊದಿಸಿದೆ. ಮೊಣಕಾಲು ತಾಗುವ ಹಲಗೆಯ ಮೇಲೆ ಮೆತ್ತಗೆ ಒಂದು ಕೌದಿಯ ತುಂಡಿದೆ. ಬಣ್ಣಬಣ್ಣದ ಚೂರುಗಳಿಗೆ ಸಣ್ಣ ಸಣ್ಣ ಹೊಲಿಗೆ. ಅದು ಜೈಬುನ್ನೀಸಾ ಹೊಲಿದದ್ದೇ ಎಂದು ಕೇಳಿದರೆ ಗನಿಸಾಬ ತಲೆದೂಗುತ್ತಾರೆ. "ಇಟ್ರ ಇಲಿ ಕಡೀತಾವ," ಎಂದಷ್ಟೇ ಹೇಳಿ ಬೆಸುಗೆಯ ಕಡ್ಡಿಯನ್ನು ತಣ್ಣಗಾಗಲು ಇಡುತ್ತಾರೆ.

ಹೊತ್ತು ಮೂಡುವಾಗ ಅಂಬಾರಾಯ ಬರುತ್ತಾನೆ. "ಆಯ್ತೇನ್ ಚಾಚಾ?"

"ಆಗ್ಯಾದ. ಅಗದಿ ಮೆಲ್ಲಕ ಒತ್ತು. ಎಣ್ಣಿ ಗಾಣ ತುಳದಂಗ ತುಳೀಬ್ಯಾಡ."

ಚಿತ್ತಾಪುರದಲ್ಲಿ ಬಸ್ಸು ಬದಲಿಸಿ ದಂಡೋತಿ ಮುಟ್ಟುವವರೆಗೂ ಗನಿಸಾಬ ಪೆಡಲನ್ನು ತೊಡೆಯ ಮೇಲಿಂದ ಇಳಿಸುವುದಿಲ್ಲ. ಕಂಡಕ್ಟರ್ ಮೇಲಿಡಿ ಎಂದಾಗ, "ಕೂಸು ಅದರಿ, ನಿದ್ದಿ ಮಾಡಾಕತ್ತದ," ಎನ್ನುತ್ತಾರೆ.

ಗದ್ದುಗೆಯ ಮುಂದೆ ಅದೇ ಜಮಖಾನ. ಮಷಿನ್ನಿಗೆ ಬ್ಯಾಟರಿ ಹಚ್ಚಿ ಗನಿಸಾಬ ಹಿಂದೆ ಕಂಬಕ್ಕೊರಗಿ ಕೂರುತ್ತಾರೆ. ಪೀರಮ್ಮನಿಗೆ ಸ್ಪೀಕರಿನ ಹತ್ತಿರವೇ ಜಾಗ ಮಾಡಿದ್ದಾರೆ. ಭಜನೆ ಹಿಡಿಯುವ ಮೊದಲು ಅವಳ ತಟ್ಟೆ ವಾದ್ಯಗಳ ಬಳಿ ಬರುತ್ತದೆ. ದಮ್ಮಡಿಗೆ, ತಾಳಕ್ಕೆ, ಮ್ಯಾಂಡೊಲಿನ್ನಿಗೆ ವಿಭೂತಿ. ವೈರಿನ ಗುಂಟ ಅವಳ ಕೈ ಪೆಡಲನ್ನು ಹುಡುಕಿಕೊಂಡು ಹೋಗುತ್ತದೆ. ಕೌದಿಯ ಮೇಲೆ ಬೆರಳಾಡಿಸಿ ಪೀರಮ್ಮ ಕೇಳುತ್ತಾಳೆ, "ಇದು ಯಾರ ಹೊಲಿಗಿ?"

"ನಮ್ಮ ಮನ್ಯಾಕಿದು, ಯವ್ವಾ," ಎಂದು ಗನಿಸಾಬ ಗಟ್ಟಿಯಾಗಿ ಹೇಳುತ್ತಾರೆ.

"ಛಲೋ ಕೈ," ಎಂದು ಪೀರಮ್ಮ ಅದರ ಮೇಲೂ ವಿಭೂತಿ ಎಳೆದು ಹೂವಿಡುತ್ತಾಳೆ.

ಅಂಬಾರಾಯ ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಹೂವನ್ನೆತ್ತಿ ಮ್ಯಾಂಡೊಲಿನ್ನಿನ ತುದಿಗೆ ಸಿಕ್ಕಿಸುತ್ತಾನೆ. ಕಾಲು ಮಡಿಚಿ, ದೇವರ ಮುಂದೆ ಊರುವ ಹಾಗೆಯೇ, ಮೊಣಕಾಲನ್ನು ಅದರ ಮೇಲೆ ಇಳಿಸುತ್ತಾನೆ. ಯಾರೂ ಬೇಡವೆನ್ನುವುದಿಲ್ಲ.

ಪದ ನಡೆಯುತ್ತದೆ. ಮೇಳದವರು ಸಾಲು ಸಾಲಾಗಿ ಹಾಡಿ, ಕೊನೆಯ ಮಾತಿಗೆ ಬಂದು, ಅದನ್ನು ಮಾತ್ರ ಬಿಟ್ಟು ನಿಲ್ಲಿಸುತ್ತಾರೆ. ದಮ್ಮಡಿ ನಿಲ್ಲುತ್ತದೆ. ಅಂಬಾರಾಯನ ಕಡ್ಡಿ ತಂತಿಯ ಮೇಲೆ ಓಡಾಡುವುದು ಕಾಣುತ್ತದೆ, ಏನೂ ಕೇಳುವುದಿಲ್ಲ. ಆಮೇಲೆ ಯಾವಾಗಲೋ ಕೇಳುತ್ತಿರುತ್ತದೆ. ಎಲ್ಲಿಂದ ಶುರುವಾಯಿತೆಂದು ಹೇಳಲಾಗದು. ಮೊಣಕಾಲು ಇಳಿಯುತ್ತದೆ, ದನಿ ಏರುತ್ತದೆ, ಗುಡಿಯ ಕಲ್ಲುಗಳ ನಡುವೆಲ್ಲ ತುಂಬುತ್ತದೆ. ಅಂಬಾರಾಯ ಬಿಡುವುದಿಲ್ಲ. ಹಿಡಿದೇ ಇರುತ್ತಾನೆ. ಅವನ ಕೈ ಬಿಳುಚಿಕೊಂಡಿದೆ, ಕುತ್ತಿಗೆಯ ನರ ಉಬ್ಬಿದೆ.

"ಸಾಕೋ ಮಗಾ," ಎನ್ನುತ್ತಾಳೆ ಪೀರಮ್ಮ, ಕಣ್ಣು ತೆರೆಯದೆ, ಸಿಟ್ಟಿನಿಂದ. "ಉಸರು ತಗೋ!"

ಅಂಬಾರಾಯನ ಮೊಣಕಾಲು ಮೆಲ್ಲಗೆ ಮೇಲೇಳುತ್ತದೆ. ದನಿ ಇಳಿದು, ಬಂದ ಹಾಗೆಯೇ, ಎಲ್ಲಿ ಮುಗಿಯಿತೆಂದು ತಿಳಿಯದೆ ಮುಗಿಯುತ್ತದೆ. ಭೀಮಶ್ಯಾ ಟವೆಲಿನಿಂದ ಮುಖ ಒರೆಸಿಕೊಂಡು ದಮ್ಮಡಿಗೆ ಕೈ ಹಾಕುತ್ತಾನೆ.

ಸಂಜೆಯ ಬಸ್ಸಿಗೆ ಕಾಯುತ್ತ ಗನಿಸಾಬ ಕಟ್ಟೆಯ ಮೇಲೆ ಕುಳಿತಿದ್ದಾರೆ. ಮಡಿಲು ಖಾಲಿ ಇದೆ. ಪೆಡಲು ದಂಡೋತಿಯಲ್ಲಿ ಉಳಿಯಿತು, ಕೌದಿಯ ತುಂಡೂ ಉಳಿಯಿತು. ಇನ್ನೇನು ಆಸೆ ಎಂದು ಕೇಳಿದರೆ, ಕಾಗಿಣಾದ ಕಡೆ ನೋಡುತ್ತ ಹೇಳುತ್ತಾರೆ:

"ಮುಂದಿನ ಶ್ರಾವಣಕ್ಕ ಆ ಸ್ಪ್ರಿಂಗಿಗಿ ಒಂದು ಹನಿ ಎಣ್ಣಿ ಬಿಡಾಕ ಬರಬೇಕು, ಇನ್ಶಾಲ್ಲಾ. ಇಷ್ಟು ವರ್ಷ ದನಿ ಏರಸು ಅಂತ ಬಂದವರೇ ಎಲ್ಲಾರೂ. ಇಳಸು ಅಂದಾಕಿ ಆ ಅವ್ವ ಒಬ್ಬಾಕಿ. ಆಕಿ ಹೇಳಿದ ಕೂಡಲೇ ಇಳೀತು ನೋಡ್ರಿ, ಒಂಚೂರೂ ಕರಕರ ಅನ್ನಲಿಲ್ಲ."